ಬೋಟಿನ ಟಾಯ್ಲೆಟ್ ಟ್ಯಾಂಕ್ ತುಂಬಿದರೆ ಎಲ್ಲಿ ಖಾಲಿ ಮಾಡುವುದು?

ಹಂಗಾರಕಟ್ಟೆ, ಕೋಡಿಬೇಂಗ್ರೆ ಕಡೆ ಹೌಸ್‌ಬೋಟ್ ಹತ್ತುವವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಊಟಕ್ಕೆ ಮೀನು ಯಾವುದು, ಎಸಿ ರಾತ್ರಿಯಿಡೀ ಓಡುತ್ತದೆಯೇ, ಸೂರ್ಯಾಸ್ತ ಎಲ್ಲಿಂದ ಚೆನ್ನಾಗಿ ಕಾಣುತ್ತದೆ. ಟಾಯ್ಲೆಟ್‌ನಲ್ಲಿ ಫ್ಲಶ್ ಒತ್ತಿದ ಮೇಲೆ ಅದೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಅಪರೂಪ. ಕೇಳಿದರೂ ಸಿಗುವ ಉತ್ತರ ಎರಡೇ: ‘ಬಯೋ ಟ್ಯಾಂಕ್ ಇದೆ, ಅದು ತುಂಬುವುದೇ ಇಲ್ಲ’ ಎಂಬುದು ಒಂದು. ‘ಹೊಳಿ ನೀರ್ ಹರ್ಕಂಡ್ ಹೋತ್ತ್, ಎಂತದೂ ಆತಿಲ್ಲೆ’ ಎಂಬುದು ಇನ್ನೊಂದು. ಎರಡೂ ಪೂರ್ತಿ ಸುಳ್ಳಲ್ಲ, ಆದರೆ ಎರಡನ್ನೂ ನಂಬಿಕೊಂಡು ಕುಳಿತರೆ ಅಪಾಯ.

ಈ ಬರಹದಲ್ಲಿ ನಾವು ನೋಡಹೊರಟಿರುವುದು ಹೌಸ್‌ಬೋಟ್ ಮತ್ತು ಮೀನುಗಾರಿಕಾ ಬೋಟ್‌ಗಳಿಗೆ ಯಾವ ಬಗೆಯ ಶೌಚಾಲಯ ಹೊಂದುತ್ತದೆ, ತುಂಬಿದ್ದನ್ನು ಖಾಲಿ ಮಾಡುವುದು ಹೇಗೆ ಎಂಬುದನ್ನು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಕಮೋಡ್ ಆರಿಸುವ ಮೊದಲು ಖಾಲಿ ಮಾಡುವ ಜಾಗ ಗೊತ್ತಿರಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಆಗುವುದು ಇದರ ಉಲ್ಟಾ.

ಹರಿಯುವ ನೀರು ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆಯೇ?

ಹೊಳೆ ಒಂದೇ ದಿಕ್ಕಿಗೆ ಹರಿಯುತ್ತಿದ್ದರೆ ಈ ಮಾತಿಗೆ ಸ್ವಲ್ಪ ಅರ್ಥವಿರುತ್ತಿತ್ತು. ಆದರೆ ಸೀತಾ ಮತ್ತು ಸ್ವರ್ಣಾ ನದಿಗಳು ಸಮುದ್ರ ಸೇರುವ ಅಳಿವೆಯಲ್ಲಾಗಲಿ, ಗಂಗೊಳ್ಳಿಯಲ್ಲಿ ಪಂಚಗಂಗಾವಳಿ ಸೇರುವ ಅಳಿವೆಯಲ್ಲಾಗಲಿ ನೀರು ಹಾಗೆ ಹರಿಯುವುದಿಲ್ಲ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಇಳಿತದಲ್ಲಿ ಹೊರಗೆ ಹೋದ ನೀರಿನ ಒಂದು ಪಾಲು ಮುಂದಿನ ಭರತದಲ್ಲಿ ಒಳಗೆ ಬರುತ್ತದೆ. ಮಳೆಗಾಲದಲ್ಲಿ ಘಟ್ಟದಿಂದ ಇಳಿಯುವ ನೀರು ಎಲ್ಲವನ್ನೂ ಹೊರಕ್ಕೆ ದೂಡುತ್ತದೆ ನಿಜ. ಆದರೆ ಆಗ ಪ್ರವಾಸಿಗರಿರುವುದಿಲ್ಲ. ಹೌಸ್‌ಬೋಟ್‌ಗಳಿಗೆ ಸೀಸನ್ ಇರುವುದು ಹೊಳೆಯಲ್ಲಿ ಸಿಹಿನೀರಿನ ಹರಿವು ಸಣ್ಣದಾದ ತಿಂಗಳುಗಳಲ್ಲಿ. ಹರಿದು ಹೋಗಲು ನೀರೇ ಕಡಿಮೆ ಇರುವಾಗ ಹೊಳೆಗೆ ಬೀಳುವುದು ಜಾಸ್ತಿ.

ಒಂದು ಲೆಕ್ಕ ಹಾಕಿ ನೋಡೋಣ. ಒಂದು ಗ್ರಾಂ ಮಲದಲ್ಲಿ ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಸುಲಭವಾಗಿ ಒಂದು ಕೋಟಿಯಷ್ಟು ಇರುತ್ತವೆ, ಹೆಚ್ಚೂ ಇರಬಹುದು. ಒಬ್ಬರಿಗೆ ದಿನಕ್ಕೆ 150 ಗ್ರಾಂ ಎಂದು ಹಿಡಿದರೆ 150 ಕೋಟಿ. ಸ್ನಾನಕ್ಕೆ ಯೋಗ್ಯವಾದ ನದಿ ನೀರಿನಲ್ಲಿ 100 ಮಿಲಿಲೀಟರ್‌ಗೆ ಇವುಗಳ ಸಂಖ್ಯೆ 500 ದಾಟದಿದ್ದರೆ ಒಳ್ಳೆಯದು ಎನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಅಂದರೆ ಲೀಟರ್‌ಗೆ 5 ಸಾವಿರ. 150 ಕೋಟಿಯನ್ನು ಆ ಮಟ್ಟಕ್ಕೆ ತೆಳುಗೊಳಿಸಲು 3 ಲಕ್ಷ ಲೀಟರ್ ಶುದ್ಧ ನೀರು ಬೇಕು. 6 ಸಾವಿರ ಲೀಟರ್‌ನ ಟ್ಯಾಂಕರ್ ಲೆಕ್ಕದಲ್ಲಿ 50 ಟ್ಯಾಂಕರ್. ಇದು ಒಬ್ಬ ಮನುಷ್ಯನ ಒಂದು ದಿನದ ಲೆಕ್ಕ ಮಾತ್ರ.

ಬಿಸಿಲು ಮತ್ತು ಉಪ್ಪುನೀರು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆ ಎಂಬುದೂ ನಿಜವೇ. ತಿಳಿನೀರಿನಲ್ಲಿ, ಒಳ್ಳೆ ಬಿಸಿಲಿನಲ್ಲಿ ಹಲವು ಬ್ಯಾಕ್ಟೀರಿಯಾಗಳು ಗಂಟೆಗಳಲ್ಲೇ ಸಾಯತೊಡಗುತ್ತವೆ. ಆದರೆ ಹೆಪಟೈಟಿಸ್ ಎ, ನೊರೊವೈರಸ್‌ನಂಥ ವೈರಸ್‌ಗಳು ಅಷ್ಟು ಬೇಗ ಸಾಯುವುದಿಲ್ಲ. ತಳದ ಕೆಸರಿನಲ್ಲಿ ಅಡಗಿ ಕುಳಿತರೆ ಇನ್ನೂ ಹೆಚ್ಚು ದಿನ ಬಾಳುತ್ತವೆ. ಆ ಕೆಸರಿನಲ್ಲೇ ಮರುವಾಯಿ ಇರುತ್ತದೆ.

ಇಳಿತದ ಹೊತ್ತಿಗೆ ಮೊಣಕಾಲುದ್ದ ನೀರಿನಲ್ಲಿ ಕೂತು ಮರುವಾಯಿ ಹೆಕ್ಕುವವರನ್ನು ಕರಾವಳಿಯವರೆಲ್ಲ ನೋಡಿದ್ದೇವೆ. ಮರುವಾಯಿ, ಕಲ್ಲುಚಿಪ್ಪುಗಳಂಥ ಚಿಪ್ಪುಜೀವಿಗಳು ತಿನ್ನುವುದೇ ನೀರನ್ನು ಸೋಸಿ. ನೀರನ್ನು ಒಳಗೆಳೆದುಕೊಂಡು, ಅದರಲ್ಲಿರುವ ಸಣ್ಣ ಕಣಗಳನ್ನು ಹಿಡಿದಿಟ್ಟುಕೊಂಡು, ನೀರನ್ನು ಹೊರಗೆ ಬಿಡುತ್ತವೆ. ಹೊಳೆಯಲ್ಲಿ ತೆಳುವಾಗಿ ಹರಡಿದ್ದ ವೈರಸ್ ಅವುಗಳ ಹೊಟ್ಟೆಯಲ್ಲಿ ದಟ್ಟವಾಗುತ್ತದೆ. 1988ರಲ್ಲಿ ಚೀನಾದ ಶಾಂಘೈನಲ್ಲಿ ಸುಮಾರು 3 ಲಕ್ಷ ಜನರಿಗೆ ಹೆಪಟೈಟಿಸ್ ಎ ಕಾಮಾಲೆ ಬಂದದ್ದು ಹೀಗೆಯೇ. ಕೊಳಚೆ ಸೇರಿದ ನೀರಿನಿಂದ ತೆಗೆದ ಚಿಪ್ಪನ್ನು ಅಲ್ಲಿನವರು ಬಿಸಿನೀರಿನಲ್ಲಿ ಅದ್ದಿ ಅರೆಬೆಂದಂತೆ ತಿನ್ನುತ್ತಿದ್ದರು. ನಮ್ಮಲ್ಲಿ ಮರುವಾಯಿಯನ್ನು ಸುಕ್ಕವೋ ಗಸಿಯೋ ಮಾಡಿ ಚೆನ್ನಾಗಿ ಬೇಯಿಸುವುದು ಅದೃಷ್ಟ. ಆದರೆ ಹೆಕ್ಕುವವರ ಕೈಕಾಲು ಆ ಕೆಸರಿನಲ್ಲೇ ಇರುತ್ತದೆ, ಬಾಯಿ ಬಿಟ್ಟಿದೆ ಎಂದು ಒಂದೆರಡು ಕುದಿಗೇ ಇಳಿಸಿಬಿಡುವ ಅಡುಗೆಮನೆಗಳೂ ಇವೆ.

ಕಾನೂನು ಏನು ಹೇಳುತ್ತದೆ ಎಂಬುದಕ್ಕೆ ಹೆಚ್ಚು ಜಾಗ ಬೇಡ. 1974ರ ಜಲ ಮಾಲಿನ್ಯ ತಡೆ ಕಾಯಿದೆ ಹೊಳೆಗೆ ಮಲಿನ ವಸ್ತು ಬಿಡುವುದನ್ನು ನಿಷೇಧಿಸಿದೆ. 1917ರ ಹಳೆಯ ಕಾನೂನಿನ ಬದಲಿಗೆ ಬಂದ 2021ರ ಒಳನಾಡು ಹಡಗುಗಳ ಕಾಯಿದೆಯಲ್ಲಿ ಮಾಲಿನ್ಯ ತಡೆಗೆಂದೇ ಒಂದು ಅಧ್ಯಾಯವಿದೆ.

ದಿನಕ್ಕೆ ಎಷ್ಟು ತುಂಬುತ್ತದೆ?

ಟ್ಯಾಂಕ್ ಮಾರುವವರು ಕೊಡುವ ಅಂದಾಜನ್ನು ಹಾಗೇ ನಂಬಬೇಡಿ, ಲೆಕ್ಕ ನೀವೇ ಹಾಕಿ. ರಾತ್ರಿ ತಂಗುವ ಆರು ಅತಿಥಿಗಳು, ಮೂವರು ಸಿಬ್ಬಂದಿ ಇರುವ ಹೌಸ್‌ಬೋಟ್ ಎಂದುಕೊಳ್ಳೋಣ. ಒಬ್ಬರು ದಿನಕ್ಕೆ ಐದು ಸಲ ಹೋಗುತ್ತಾರೆ. ಮಗ್‌ನಲ್ಲಿ ನೀರು ಹಾಕುವ ಪದ್ಧತಿಯಾದರೆ ಒಂದು ಸಲಕ್ಕೆ ಸರಾಸರಿ 2 ಲೀಟರ್, ಒಟ್ಟು 10. ಮಲಮೂತ್ರವೂ ತೊಳೆಯುವ ನೀರೂ ಸೇರಿ ಇನ್ನೊಂದು 2 ಲೀಟರ್ ಇಟ್ಟುಕೊಳ್ಳಿ. ಒಬ್ಬರಿಗೆ 12 ಲೀಟರ್, ಒಂಬತ್ತು ಜನರಿಗೆ 108. ಟ್ಯಾಂಕ್ 300 ಲೀಟರ್‌ನದ್ದಾದರೆ ಮೂರು ದಿನವೂ ಬರುವುದಿಲ್ಲ. ಅದೇ ಬೋಟಿಗೆ ಮನೆಯಲ್ಲಿರುವಂಥ 6 ಲೀಟರ್ ಸಿಸ್ಟರ್ನ್ ಕೂರಿಸಿದರೆ ದಿನಕ್ಕೆ 288 ಲೀಟರ್, ಅಂದರೆ ಒಂದೇ ದಿನದಲ್ಲಿ ಭರ್ತಿ.

ಸುಂದರವಾಗಿ ಕಾಣಲಿ ಎಂದು ಮನೆಯ ಕಮೋಡನ್ನೇ ತಂದು ಬೋಟಿಗೆ ಕೂರಿಸುವುದು ನಮ್ಮ ಪ್ರಕಾರ ಮೊದಲ ತಪ್ಪು. ಬೋಟಿಗೆಂದೇ ಮಾಡಿದ, ಒಂದು ಲೀಟರ್ ಆಸುಪಾಸು ನೀರಿನಲ್ಲಿ ಕೆಲಸ ಮಾಡುವ ಕಮೋಡ್‌ಗಳಿವೆ, ಬೆಲೆ ಜಾಸ್ತಿ. ಅದು ಬೇಡವೆಂದರೆ ನಮ್ಮ ಹಳೆಯ ಇಂಡಿಯನ್ ಪ್ಯಾನ್ ಮತ್ತು ಮಗ್ ಸಾಕು. ಇಳಿಜಾರು ಜಾಸ್ತಿ ಇರುವ ಗ್ರಾಮೀಣ ಪ್ಯಾನ್ ಇನ್ನೂ ಕಡಿಮೆ ನೀರು ಕೇಳುತ್ತದೆ.

ಭಾರದ ಲೆಕ್ಕವನ್ನೂ ಮರೆಯಬಾರದು. 300 ಲೀಟರ್ ಎಂದರೆ 300 ಕೆ.ಜಿ.ಗೂ ಸ್ವಲ್ಪ ಹೆಚ್ಚು, ಐದು ಜನ ಒಂದೇ ಕಡೆ ಕುಳಿತ ಹಾಗೆ. ಟ್ಯಾಂಕನ್ನು ಬೋಟಿನ ನಡುಭಾಗದಲ್ಲಿ, ತಳಕ್ಕೆ ಹತ್ತಿರ ಇಡಬೇಕು. ಅರ್ಧ ತುಂಬಿದ ಟ್ಯಾಂಕ್‌ನ ಒಳಗೆ ನೀರು ಓಲಾಡುವುದು ಬೋಟಿನ ವಾಲಾಟವನ್ನು ಹೆಚ್ಚಿಸುತ್ತದೆ, ಹಾಗಾಗಿ ಒಳಗೆ ಅಡ್ಡ ತಡೆಗಳಿರುವ ಟ್ಯಾಂಕ್ ಒಳ್ಳೆಯದು.

ಯಾವ ಬಗೆ ಯಾರಿಗೆ?

ಬೋಟ್ ಶೌಚಾಲಯದ ಚರ್ಚೆ ಅತಿ ಹೆಚ್ಚು ನಡೆಯುವುದು ಇಂಗ್ಲೆಂಡ್‌ನ ಕಾಲುವೆಗಳಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 3,200 ಕಿ.ಮೀ. ಜಲಮಾರ್ಗಗಳನ್ನು ನೋಡಿಕೊಳ್ಳುವ ಟ್ರಸ್ಟ್ ಒಂದಿದೆ. ಸಾವಿರಾರು ಜನ ಅಲ್ಲಿ ಬೋಟಿನಲ್ಲೇ ಸಂಸಾರ ಮಾಡುತ್ತಾರೆ. ಟಾಯ್ಲೆಟ್ ನೀರನ್ನು ಕಾಲುವೆಗೆ ಬಿಡುವಂತಿಲ್ಲ. ಅವರ ವಾದವೆಲ್ಲ ಎತ್ತಿಕೊಂಡು ಹೋಗುವ ಸಣ್ಣ ಪೆಟ್ಟಿಗೆ ಒಳ್ಳೆಯದೋ, ಪಂಪ್ ಹಾಕಿ ಎಳೆಸುವ ದೊಡ್ಡ ಟ್ಯಾಂಕ್ ಒಳ್ಳೆಯದೋ ಎಂಬುದರ ಸುತ್ತ. ಆದರೆ ಎರಡಕ್ಕೂ ಕಾಲುವೆಯ ಬದಿಯಲ್ಲಿ ಖಾಲಿ ಮಾಡುವ ವ್ಯವಸ್ಥೆ ಇದೆ. ನಮ್ಮ ದಕ್ಕೆಗಳಲ್ಲಿ ಆ ಸೌಕರ್ಯವನ್ನು ನಾವೇ ಹೊಂದಿಸಿಕೊಳ್ಳಬೇಕು.

ಪೆಟ್ಟಿಗೆ ಟಾಯ್ಲೆಟ್‌ನಲ್ಲಿ ಎರಡು ಭಾಗ. ಮೇಲೆ ಕೂರುವ ಭಾಗ ಮತ್ತು ನೀರು, ಕೆಳಗೆ ಬಿಚ್ಚಿ ತೆಗೆಯಬಹುದಾದ 15ರಿಂದ 20 ಲೀಟರ್‌ನ ಡಬ್ಬಿ. ತುಂಬಿದ ಡಬ್ಬಿ 20 ಕೆ.ಜಿ. ತೂಗುತ್ತದೆ, ಅದನ್ನು ಹಿಡಿದುಕೊಂಡು ಪಾಚಿಗಟ್ಟಿದ ಮೆಟ್ಟಿಲು ಹತ್ತಬೇಕು. ಇಬ್ಬರು ಮೂವರು ಇರುವ ಸಣ್ಣ ಬೋಟಿಗೆ, ಅದೂ ದಡದಲ್ಲೇ ಮನೆ ಇದ್ದು ಅಲ್ಲಿನ ಕಕ್ಕಸಿಗೆ ಸುರಿಯಬಹುದಾದರೆ, ಇದಕ್ಕಿಂತ ಅಗ್ಗದ ಸರಳ ದಾರಿ ಇಲ್ಲ. ಒಂಬತ್ತು ಜನರ ಬೋಟಿಗೆ ಇದು ಆಗದ ಮಾತು.

ಹಿಡಿದಿಡುವ ಟ್ಯಾಂಕ್ ಎಂದರೆ ಎಲ್ಲವನ್ನೂ ಮುಚ್ಚಿಟ್ಟುಕೊಂಡು ದಡಕ್ಕೆ ತರುವುದು. ಇದರಲ್ಲಿ ಯಾವ ಮಾಯೆಯೂ ಇಲ್ಲ, ಅದೇ ಇದರ ಒಳ್ಳೆಯ ಗುಣ. ರಾತ್ರಿ ತಂಗುವ ಹೌಸ್‌ಬೋಟ್‌ಗಳಿಗೆ ನಾವು ಮೊದಲು ಹೇಳುವುದು ಇದನ್ನೇ.

ಇನ್ನು ಬಯೋ ಟ್ಯಾಂಕ್. ಡಿಆರ್‌ಡಿಒ ಇದನ್ನು ಮೊದಲು ರೂಪಿಸಿದ್ದು ಹಿಮದ ನಡುವೆ ಇರುವ ಸೈನಿಕರ ನೆಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಆಮೇಲೆ ರೈಲ್ವೆ ಅದನ್ನು ತೆಗೆದುಕೊಂಡಿತು. ಬಾರಕೂರು, ಕುಂದಾಪುರ, ಬೈಂದೂರು ನಿಲ್ದಾಣಗಳಲ್ಲಿ ನಿಲ್ಲುವ ರೈಲುಗಳ ಬೋಗಿಯ ಅಡಿಯಲ್ಲಿ ಕಾಣುವ ಸ್ಟೀಲ್ ಪೆಟ್ಟಿಗೆ ಅದೇ. ಗಾಳಿಯಿಲ್ಲದ ಕಡೆ ಬದುಕುವ ಬ್ಯಾಕ್ಟೀರಿಯಾಗಳು ಮಲವನ್ನು ಒಡೆದು ನೀರು ಮತ್ತು ಅನಿಲವನ್ನಾಗಿಸುತ್ತವೆ. ಇಷ್ಟು ಸರಿ. ‘ತುಂಬುವುದೇ ಇಲ್ಲ’ ಎಂಬ ಮಾತಿನ ಗುಟ್ಟು ಬೇರೆ. ದಿನಕ್ಕೆ 108 ಲೀಟರ್ ಒಳಗೆ ಹೋದರೆ ಹೆಚ್ಚೂಕಡಿಮೆ 108 ಲೀಟರ್ ಇನ್ನೊಂದು ತುದಿಯಿಂದ ಹೊರಗೆ ಬರುತ್ತದೆ. ತುಂಬದಿರುವುದು ಅದು ಹೊರಗೆ ಹರಿಯುವುದರಿಂದ. ಆ ನೀರಿನಲ್ಲಿ ರೋಗಾಣುಗಳು ಕಡಿಮೆಯಾಗಿರುತ್ತವೆ, ಇಲ್ಲವಾಗಿರುವುದಿಲ್ಲ. ರೈಲಿನ ಟ್ಯಾಂಕ್‌ಗೆ ಕೊನೆಯಲ್ಲಿ ಕ್ಲೋರಿನ್ ಹಾಕುವ ವ್ಯವಸ್ಥೆ ಇರುವುದು ಇದೇ ಕಾರಣಕ್ಕೆ.

ಬಯೋ ಟ್ಯಾಂಕ್‌ನ ಇನ್ನೊಂದು ತೊಂದರೆ ನಮ್ಮದೇ ಅಭ್ಯಾಸ. 2016–17ರಲ್ಲಿ ಸುಮಾರು 25 ಸಾವಿರ ರೈಲ್ವೆ ಬಯೋ ಶೌಚಾಲಯಗಳನ್ನು ಪರಿಶೀಲಿಸಿದ ಮಹಾಲೇಖಪಾಲರ ವರದಿ ಸುಮಾರು 2 ಲಕ್ಷ ದೋಷಗಳನ್ನು ಎಣಿಸಿತು. ಅದರಲ್ಲಿ ಅರ್ಧದಷ್ಟು ಕಟ್ಟಿಕೊಂಡ ಪ್ರಕರಣಗಳು. ಬಾಟಲಿ, ಗುಟ್ಕಾ ಪ್ಯಾಕೆಟ್, ಸ್ಯಾನಿಟರಿ ಪ್ಯಾಡ್, ಏನು ಬೇಕಾದರೂ ಒಳಗೆ ಹಾಕುವ ನಾವೇ ಹೌಸ್‌ಬೋಟ್‌ಗೂ ಹತ್ತುತ್ತೇವೆ. ಟಾಯ್ಲೆಟ್ ಒಳಗೆ ಮುಚ್ಚಳವಿರುವ ಕಸದ ಬುಟ್ಟಿ ಇಲ್ಲದ ಬೋಟಿನಲ್ಲಿ ಬಯೋ ಟ್ಯಾಂಕ್ ಹಾಕಿಸುವುದು ದುಡ್ಡು ದಂಡ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬೋಟ್ ಕಟ್ಟಿಟ್ಟಾಗ ಬ್ಯಾಕ್ಟೀರಿಯಾಗಳಿಗೆ ಆಹಾರ ಸಿಗದೆ ಅವು ಸೊರಗುತ್ತವೆ. ಸೀಸನ್ ಶುರುವಾಗುವಾಗ ಹೊಸ ಬ್ಯಾಕ್ಟೀರಿಯಾ ದ್ರಾವಣ ಹಾಕಿ, ಕೆಲವು ವಾರ ಕೊಟ್ಟು ಎಬ್ಬಿಸಬೇಕು. ಬಯೋ ಟ್ಯಾಂಕ್ ಈಗಾಗಲೇ ಇದೆ ಎಂದಾದರೆ ಅದರ ಹೊರಹರಿವಿನ ಪೈಪನ್ನು ಹೊಳೆಗೆ ಬಿಡದೆ ಇನ್ನೊಂದು ಟ್ಯಾಂಕ್‌ಗೆ ಜೋಡಿಸಿ, ಅದನ್ನು ದಡದಲ್ಲಿ ಖಾಲಿ ಮಾಡಿಸಿ.

ನಾಲ್ಕನೆಯದು ಒಣ ಟಾಯ್ಲೆಟ್. ಮೂತ್ರ ಒಂದು ಕಡೆ, ಮಲ ಇನ್ನೊಂದು ಕಡೆ, ಮಲದ ಮೇಲೆ ತೆಂಗಿನ ನಾರಿನ ಪುಡಿಯೋ ಮರದ ಹೊಟ್ಟೋ. ನಮ್ಮೂರಿನಲ್ಲಿ ತೆಂಗಿನ ನಾರಿನ ಪುಡಿಗೆ ಬರವಿಲ್ಲ, ವಾಸನೆಯೂ ನಿಜಕ್ಕೂ ಕಡಿಮೆ. ಆದರೆ ಇದನ್ನು ಮಾಡಿದ್ದು ಕಾಗದದಲ್ಲಿ ಒರೆಸಿಕೊಳ್ಳುವವರಿಗೆ. ನಾವು ತೊಳೆದುಕೊಳ್ಳುವವರು. ಆ ಅರ್ಧ ಲೀಟರ್ ನೀರು ಒಣ ಭಾಗಕ್ಕೆ ಬಿದ್ದರೆ ಕೆಲಸ ಕೆಟ್ಟಿತು: ಕೆಸರು, ವಾಸನೆ, ನೊಣ. ತೊಳೆದುಕೊಳ್ಳಲು ಪಕ್ಕದಲ್ಲಿ ಬೇರೆ ಜಾಗ, ಬೇರೆ ಪೈಪ್ ಮಾಡಬೇಕಾಗುತ್ತದೆ. ಬೋಟಿನಲ್ಲಿ ಕೆಲವು ವಾರ ಒಣಗಿದ್ದನ್ನು ಗೊಬ್ಬರ ಎನ್ನುವುದೂ ತಪ್ಪು. ಬೇರೆ ಸಂಸ್ಕರಣೆ ಇಲ್ಲದೆ ಬರೀ ಸಂಗ್ರಹಿಸಿಡುವುದಾದರೆ ನಮ್ಮಂಥ ಬಿಸಿ ಪ್ರದೇಶದಲ್ಲೂ ಒಂದು ವರ್ಷಕ್ಕಿಂತ ಹೆಚ್ಚು ಇಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿ. ಜಂತುಹುಳುವಿನ ಮೊಟ್ಟೆಗಳು ಅಷ್ಟು ಗಟ್ಟಿ. ಇಂಗ್ಲೆಂಡ್‌ನಲ್ಲೂ ಒಣ ಟಾಯ್ಲೆಟ್‌ನದ್ದನ್ನು ಚೀಲದಲ್ಲಿ ಕಟ್ಟಿ ಕಸದ ತೊಟ್ಟಿಗೆ ಹಾಕುವ ರೂಢಿ ಬೆಳೆದು, 2021ರ ಕೊನೆಯಲ್ಲಿ ಕಾಲುವೆ ಟ್ರಸ್ಟ್ ಅದಕ್ಕೆ ತಡೆ ಹಾಕಿತು.

ಖಾಲಿ ಮಾಡುವುದು

ದೊಡ್ಡ ಟ್ಯಾಂಕ್ ಖಾಲಿ ಮಾಡಲು ನಮ್ಮಲ್ಲಿ ಇರುವ ಸಾಧನ ಮನೆಯ ಸೆಪ್ಟಿಕ್ ಟ್ಯಾಂಕ್‌ಗೆ ಕರೆಸುವ ಸಕ್ಕಿಂಗ್ ಲಾರಿಯೇ. ಅದು ದಕ್ಕೆಯ ತನಕ ಬರಬೇಕು, ಪೈಪ್ ಮುಟ್ಟಬೇಕು. ಭರತದ ಹೊತ್ತಿಗೆ ಕರೆಸಿ. ಬೋಟ್ ಮೇಲೆ ಏರಿರುತ್ತದೆ, ಎಳೆಯಬೇಕಾದ ಎತ್ತರ ಕಡಿಮೆಯಾಗುತ್ತದೆ, ಪೈಪ್ ಮೆಟ್ಟಿಲಿಗೆ ಉಜ್ಜುವುದಿಲ್ಲ. ಟ್ಯಾಂಕ್‌ನಿಂದ ಡೆಕ್‌ಗೆ ಬರುವ ಬಾಯಿ ಲಾರಿಯ ಪೈಪಿಗೆ ಹೊಂದುವ ಅಳತೆಯದ್ದಾಗಿರಲಿ. ಟ್ಯಾಂಕ್ ಮಾಡಿಸುವ ಮೊದಲೇ ಲಾರಿಯವರ ಹತ್ತಿರ ಅಳತೆ ಕೇಳಿಕೊಂಡರೆ ಆಮೇಲೆ ಬಟ್ಟೆ ಸುತ್ತಿ ಹಿಡಿದುಕೊಳ್ಳುವ ಪಾಡು ತಪ್ಪುತ್ತದೆ. ಗಾಳಿ ಕೊಳವೆ ತೆರೆದಿದೆಯೇ ನೋಡಿ, ಮುಚ್ಚಿದ್ದರೆ ಎಳೆತಕ್ಕೆ ಪ್ಲಾಸ್ಟಿಕ್ ಟ್ಯಾಂಕ್ ಒಳಕ್ಕೆ ಕುಗ್ಗಿ ಬಿರುಕು ಬಿಡಬಹುದು.

ಲಾರಿಯವರಿಗೆ ಒಂದು ಪ್ರಶ್ನೆ ಕೇಳಲೇಬೇಕು: ಇದನ್ನು ನೀವು ಎಲ್ಲಿ ಖಾಲಿ ಮಾಡುತ್ತೀರಿ? ಹೊಳೆಗೆ ಬಿಡಬಾರದೆಂದು ದುಡ್ಡು ಕೊಟ್ಟು ತೆಗೆಸಿದ್ದು ರಾತ್ರಿ ಯಾವುದೋ ತೋಡಿಗೆ ಬಿದ್ದರೆ ಮತ್ತೆ ಅದೇ ಹೊಳೆಗೆ ಬರುತ್ತದೆ. ಮಲತ್ಯಾಜ್ಯ ಸಂಸ್ಕರಿಸುವ ಘಟಕ ಕಷ್ಟದ ವಿದ್ಯೆಯೇನಲ್ಲ. ಬೆಂಗಳೂರು ಹೊರವಲಯದ ದೇವನಹಳ್ಳಿಯಲ್ಲಿ 2015ರಲ್ಲೇ ಅಂಥ ಘಟಕ ಶುರುವಾಗಿದೆ. ಹತ್ತಿರದ ಘಟಕದ ವಿಚಾರವನ್ನು ಪುರಸಭೆ, ಪಟ್ಟಣ ಪಂಚಾಯತ್ ಅಥವಾ ಗ್ರಾಮ ಪಂಚಾಯತ್‌ನಲ್ಲಿ ಕೇಳಿ ತಿಳಿದುಕೊಂಡು, ಲಾರಿ ಅಲ್ಲಿಗೆ ಹೋಗುತ್ತದೆಂದು ಖಚಿತ ಮಾಡಿಕೊಳ್ಳಿ.

ಪೆಟ್ಟಿಗೆಯ ಡಬ್ಬಿಯಾದರೆ ಮನೆಯ ಶೌಚಾಲಯಕ್ಕೆ ನಿಧಾನವಾಗಿ ಸುರಿಯಬಹುದು. ಕುದ್ರುಗಳಲ್ಲಿ ಗುಂಡಿ ತೋಡಿ ಹೂಳುವ ಯೋಚನೆ ಮಾತ್ರ ಬೇಡ. ಅಲ್ಲಿ ಸ್ವಲ್ಪ ಅಗೆದರೂ ನೀರು, ಆ ನೀರೇ ಪಕ್ಕದ ಬಾವಿಯದ್ದು.

ಟ್ಯಾಂಕ್ ಒಳಗೆ ಯಾರೂ ತಲೆ ಹಾಕಬಾರದು, ಇಳಿಯುವುದಂತೂ ಇಲ್ಲವೇ ಇಲ್ಲ. ಕೊಳೆಯುವ ಮಲದಿಂದ ಬರುವ ಹೈಡ್ರೋಜನ್ ಸಲ್ಫೈಡ್ ಮೊದಲಿಗೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಪ್ರಮಾಣ ಹೆಚ್ಚಾದಾಗ ಮೂಗು ಮರಗಟ್ಟಿ ವಾಸನೆಯೇ ಗೊತ್ತಾಗುವುದಿಲ್ಲ. ವಾಸನೆ ಹೋಯಿತು, ಗಾಳಿ ಸರಿಯಾಯಿತು ಎಂದುಕೊಂಡವರು ಅಲ್ಲೇ ಕುಸಿಯುತ್ತಾರೆ, ಎತ್ತಲು ಇಳಿದವರೂ ಕುಸಿಯುತ್ತಾರೆ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ಗುಂಡಿಯಲ್ಲಿ ಐವರು ಕಾರ್ಮಿಕರು ಸತ್ತದ್ದು ನೆನಪಿರಬಹುದು. ರಕ್ಷಣೆಯ ಸಲಕರಣೆಗಳಿಲ್ಲದೆ ಸೆಪ್ಟಿಕ್ ಟ್ಯಾಂಕ್‌ಗೆ ಮನುಷ್ಯರನ್ನು ಇಳಿಸುವುದು 2013ರ ಕಾಯಿದೆಯಡಿ ಅಪರಾಧ. ಹೀಗೆ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 30 ಲಕ್ಷ ರೂಪಾಯಿಗೆ ಏರಿಸಿತು.

ವಾಸನೆಗೆ ಫಿನಾಯಿಲ್ ಹಾಕಿದರಾಯಿತಲ್ಲ?

ಫಿನಾಯಿಲ್, ಬ್ಲೀಚಿಂಗ್ ಪುಡಿ, ಆಸಿಡ್ ಇವೆಲ್ಲ ಬಯೋ ಟ್ಯಾಂಕ್‌ನಲ್ಲಿ ಕೆಲಸ ಮಾಡಬೇಕಾದ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತವೆ. ಬ್ಲೀಚಿಂಗ್ ಪುಡಿಯನ್ನೂ ಆಸಿಡ್ಡನ್ನೂ ಒಟ್ಟಿಗೆ ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ, ಬೋಟಿನ ಸಣ್ಣ ಟಾಯ್ಲೆಟ್‌ನಲ್ಲಿ ಅದು ಪ್ರಾಣಕ್ಕೇ ಅಪಾಯ. ಪೆಟ್ಟಿಗೆ ಟಾಯ್ಲೆಟ್‌ಗಳ ಜೊತೆ ಸಿಗುವ ನೀಲಿ ದ್ರವಗಳಲ್ಲಿ ಫಾರ್ಮಾಲ್ಡಿಹೈಡ್ ಇದ್ದರೆ ಅದನ್ನು ಮನೆಯ ಸೆಪ್ಟಿಕ್ ಟ್ಯಾಂಕ್‌ಗೆ ಸುರಿಯಬಾರದು.

ವಾಸನೆಗೆ ಅನೇಕ ಸಲ ಕಾರಣ ನಾವು ಯೋಚಿಸದ ಕಡೆ ಇರುತ್ತದೆ. ನೀರು ಉಳಿಸಲೆಂದು ಹೊಳೆಯ ನೀರನ್ನೇ ಪಂಪ್ ಮಾಡಿ ಫ್ಲಶ್‌ಗೆ ಬಳಸುವ ಬೋಟ್‌ಗಳಿವೆ. ಬೇಸಿಗೆಯಲ್ಲಿ ಅಳಿವೆಯ ನೀರು ಉಪ್ಪು. ಉಪ್ಪುನೀರಿನಲ್ಲಿ ಸಲ್ಫೇಟ್ ಹೇರಳ. ಗಾಳಿಯಿಲ್ಲದ ಟ್ಯಾಂಕ್‌ನಲ್ಲಿ ಬ್ಯಾಕ್ಟೀರಿಯಾಗಳು ಅದನ್ನೇ ಹೈಡ್ರೋಜನ್ ಸಲ್ಫೈಡ್ ಆಗಿಸುತ್ತವೆ. ಉಪ್ಪುನೀರು ಮೂತ್ರದ ಜೊತೆ ಸೇರಿ ಪೈಪಿನ ಒಳಗೆ ಸುಣ್ಣದಂಥ ಪದರವನ್ನೂ ಕಟ್ಟುತ್ತದೆ. ಜನವರಿಯ ತನಕ ಸರಿಯಿದ್ದ ಟಾಯ್ಲೆಟ್ ಏಪ್ರಿಲ್‌ನಲ್ಲಿ ನಾರತೊಡಗಿದರೆ ಫಿನಾಯಿಲ್ ತರುವ ಮೊದಲು ಫ್ಲಶ್‌ಗೆ ಬಾವಿಯ ನೀರು ಬಳಸಿ ನೋಡಿ.

ಮೀನಿನ ಬೋಟ್‌ಗಳಲ್ಲಿ?

ಗಂಗೊಳ್ಳಿಯಿಂದ ಆಳಸಮುದ್ರಕ್ಕೆ ಹೋಗುವ ಬೋಟ್‌ಗಳಲ್ಲಿ ಏಳೆಂಟು ಜನ ಒಂದು ವಾರಕ್ಕೂ ಹೆಚ್ಚು ಇರುತ್ತಾರೆ. ಹೆಚ್ಚಿನವುಗಳಲ್ಲಿ ಟಾಯ್ಲೆಟ್ ಎಂಬುದೇ ಇಲ್ಲ, ಬೋಟಿನ ಅಂಚೇ ಟಾಯ್ಲೆಟ್. ಇಲ್ಲಿ ನಮಗೆ ಮೊದಲ ಚಿಂತೆ ಮಾಲಿನ್ಯದ್ದಲ್ಲ. ರಾತ್ರಿ, ಓಡುತ್ತಿರುವ ಬೋಟಿನ ಒದ್ದೆ ಅಂಚಿನಲ್ಲಿ ಒಬ್ಬರೇ ಕೂತವರು ಜಾರಿ ಬಿದ್ದರೆ ಎಂಜಿನ್ ಸದ್ದಿನಲ್ಲಿ ಉಳಿದವರಿಗೆ ಕೇಳುವುದೇ ಇಲ್ಲ. ಹಿಂಬದಿಯಲ್ಲಿ ಮೂರು ಬದಿ ಮರೆ, ಹಿಡಿಕೆ, ಒಂದು ಪ್ಯಾನ್ ಇರುವ ಸಣ್ಣ ಗೂಡು ಮಾಡಿಸುವುದು ಜೀವ ಉಳಿಸುವ ಕೆಲಸ. ಅಷ್ಟೂ ಆಗದ ದೋಣಿಯಲ್ಲಿ ಮುಚ್ಚಳವಿರುವ ಬಕೆಟ್ ಇಡಿ, ಕೂರುವುದು ದೋಣಿಯ ಒಳಗೆ ಇರಲಿ.

ದೂರ ಸಮುದ್ರದ ಮಟ್ಟಿಗೆ ‘ಕಡಲು ಅರಗಿಸಿಕೊಳ್ಳುತ್ತದೆ’ ಎಂಬ ಮಾತಿನಲ್ಲಿ ಹುರುಳಿದೆ. 2003ರಲ್ಲಿ ಜಾರಿಗೆ ಬಂದ ಮಾರ್ಪೋಲ್ ಒಪ್ಪಂದದ ನಾಲ್ಕನೇ ಅನುಬಂಧ ದೊಡ್ಡ ಹಡಗುಗಳಿಗೂ ದಡದಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿ.ಮೀ. ದಾಟಿದ ಮೇಲೆ, ಚಲಿಸುತ್ತಿರುವಾಗ ಸ್ವಲ್ಪ ಸ್ವಲ್ಪವಾಗಿ ಬಿಡಲು ಅವಕಾಶ ಕೊಡುತ್ತದೆ. ಎಂಟು ಜನರದ್ದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ತೊಂದರೆ ಇರುವುದು ಬೋಟ್ ಬಂದರಿಗೆ ಬಂದು ಮೀನು ಇಳಿಸಿ, ಐಸ್ ತುಂಬಿಸಿಕೊಂಡು, ಜನ ಬೋಟಿನಲ್ಲೇ ಮಲಗುವ ದಿನಗಳಲ್ಲಿ. ನೂರಾರು ಬೋಟ್‌ಗಳು ಪಕ್ಕ ಪಕ್ಕ ನಿಂತ ಆ ನಿಂತ ನೀರಿನಲ್ಲೇ ಮೀನಿನ ಬುಟ್ಟಿ ತೊಳೆಯುವವರೂ ಇರುತ್ತಾರೆ. ಹಾಗಾಗಿ ಗೂಡಿನ ಅಡಿಗೆ 50 ಲೀಟರ್‌ನ ಸಣ್ಣ ಟ್ಯಾಂಕ್ ಮತ್ತು ಒಂದು ವಾಲ್ವ್ ಸಾಕು: ಅಳಿವೆಯ ಒಳಗೆ ವಾಲ್ವ್ ಮುಚ್ಚಿರಬೇಕು, ದೂರ ಹೋದ ಮೇಲೆ ತೆರೆಯಬೇಕು. ಬಂದರಿನಲ್ಲಿ ಇರುವಷ್ಟು ಹೊತ್ತು ದಡದ ಶೌಚಾಲಯ ರಾತ್ರಿಯೂ ಬೀಗ ಹಾಕದೆ ತೆರೆದಿರಬೇಕು, ಅದಿಲ್ಲದೆ ಈ ವಾಲ್ವ್‌ಗೆ ಅರ್ಥವಿಲ್ಲ.

ಈ ಕೆಲಸ ಮಾಡಿಸಲು ಒಳ್ಳೆಯ ಸಮಯ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನಗಳು. ಬೋಟ್ ಹೇಗೂ ದಡದಲ್ಲಿ ಇರುತ್ತದೆ, ಬಡಗಿಯವರೂ ವೆಲ್ಡಿಂಗ್‌ನವರೂ ಹೇಗೂ ಬರುತ್ತಾರೆ. ಹೌಸ್‌ಬೋಟ್‌ನವರಿಗೂ ಅದೇ ಬಿಡುವು. ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ, ಎರಡು ಸಲ ಸಿಹಿನೀರು ತುಂಬಿಸಿ ಎಳೆಸಿ, ಪೈಪಿನ ರಬ್ಬರ್ ವಾಷರ್‌ಗಳನ್ನು ಬದಲಿಸಿ, ಗಾಳಿ ಕೊಳವೆಯ ಬಾಯಿಗೆ ಸೊಳ್ಳೆ ಬಲೆ ಕಟ್ಟಿ ಬಿಡಿ.